ಸಹಾಯ ಬೇಕು: ಚರ್ಚ್ ಸಭೆಯವರ ತಲಾಂತು (ಪ್ರತಿಭೆ) ಫಾರಂ, ಕನ್ನಡದಲ್ಲಿ

ಎಲ್ಲರಿಗೂ ವಂದನೆಗಳು. ಸಭೆಯವರ ವರ, ಕೌಶಲಗಳನ್ನು ಗುರುತಿಸಿ ಸೇವೆಗೆ ಹಚ್ಚಲು ಒಂದು ಪುಟದ ಫಾರಂ ಬೇಕಿತ್ತು. ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಹಾಕಿ.

ಬೈಬಲಿನ ರೋಮಾಪುರದವರಿಗೆ ಬರೆದ ಪತ್ರಿಕೆ 12:6–8ರ ಏಳು ವರಗಳನ್ನಷ್ಟೇ ಪಟ್ಟಿ ಮಾಡಿದರೆ ಸಾಲದು. ಅದರಲ್ಲಿರುವ ‘ಕರುಣೆ’ಗೆ ಎಲ್ಲರೂ ಟಿಕ್ ಹಾಕ್ತಾರೆ, ವೈರಿಂಗ್ ಬರುವವರು ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತಿರ್ತಾರೆ! ಹೊಲಿಗೆ, ಲೆಕ್ಕಪತ್ರ, ಕೀಬೋರ್ಡ್, ರೋಗಿಗಳ ಜೊತೆ ಆಸ್ಪತ್ರೆಗೆ ಹೋಗುವುದು ಅಂತ ಬಿಡಿಸಿ ಬರೆದಿರಬೇಕು. ಪಕ್ಕದಲ್ಲಿ ‘ಬರುತ್ತೆ’, ‘ಕಲಿಯಲು ಇಷ್ಟ’, ‘ತಿಂಗಳಿಗೆ ಎಷ್ಟು ಗಂಟೆ’ ಅಂತ ಮೂರು ಕಾಲಂ. ಗಂಟೆ ಕೇಳದಿದ್ದರೆ ಒಪ್ಪಿಕೊಂಡ ನಾಲ್ಕು ಜನರ ಮೇಲೇ ಎಲ್ಲ ಹೊರೆ ಬೀಳುತ್ತೆ.

ತುಂಬಿದ ಫಾರಂ ಬೀರು ಸೇರಿದರೆ ಮುಂದಿನ ಸಲ ಯಾರೂ ತುಂಬಲ್ಲ. ಎರಡು ವಾರದೊಳಗೆ ಪ್ರತಿಯೊಬ್ಬರಿಗೂ ಫೋನ್ ಮಾಡುವ ಜವಾಬ್ದಾರಿ ನಿಮ್ಮ ಸಭೆಗಳಲ್ಲಿ ಯಾರದು, ಸಭಾಪಾಲನಾ ಸಮಿತಿಯದೋ ಯುವಜನರದೋ? ತಿಳಿಸಿ.