ಅಪ್‌ಡೇಟ್: ಲಿನಕ್ಸ್ ಗುಂಪಿಗೆ ಹೋಗಿ ಬಂದೆ, ವೈಫೈ ಬಂತು

ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು (ವಿಂಡೋಸ್ ಥರದ್ದೇ, ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ) ಹಾಕಿದ ಮೇಲೆ ವೈಫೈ ಸಿಗುತ್ತಿಲ್ಲ, ಲಿನಕ್ಸ್ ಬಳಕೆದಾರರ ಗುಂಪಿಗೆ ಹೋದರೆ ನನ್ನಂಥ ಹೊಸಬರಿಗೆ ಸಹಾಯ ಮಾಡ್ತಾರಾ ಅಂತ ಕೇಳಿದ್ದೆ. ಮಾಡುತ್ತಾರೆ. ಅದೂ ಎಷ್ಟು ತಾಳ್ಮೆಯಿಂದ!

ಪಕ್ಕದಲ್ಲಿ ಕೂತ ಸ್ವಯಂಸೇವಕಿ ಮೊದಲು ಕೇಳಿದ್ದು, "ಫೈಲ್‌ಗಳ ಬ್ಯಾಕಪ್ ಇದೆಯಾ?" ಅಂತ. ಆಮೇಲೆ ಕೀಬೋರ್ಡ್ ಮುಟ್ಟಲೇ ಇಲ್ಲ. "ನೀವೇ ಟೈಪ್ ಮಾಡಿ" ಅಂದರು. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘ಎಲ್‌ಎಸ್‌ಪಿಸಿಐ’ (lspci) ಅನ್ನೋ ಆದೇಶ ಕೊಟ್ಟಾಗ ಯಾವ ವೈಫೈ ಚಿಪ್ ಅಂತ ಗೊತ್ತಾಯಿತು. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಆಗಲೇ ಇತ್ತು, ಆದರೆ ಲೋಡ್ ಆಗುತ್ತಿರಲಿಲ್ಲ.

ಕಾರಣ ಸೆಕ್ಯೂರ್ ಬೂಟ್, ಅಂದರೆ ಕಂಪ್ಯೂಟರ್ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ನಡೆಯುವಂತೆ ನೋಡಿಕೊಳ್ಳುವ ರಕ್ಷಣೆ. ಅದು ಆನ್ ಇದ್ದರೆ, ಸಿಸ್ಟಂ ನಂಬುವ ಕೀಲಿಯಿಂದ ಡಿಜಿಟಲ್ ಸಹಿ ಆಗದ ಡ್ರೈವರನ್ನು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಬಿಡುವುದಿಲ್ಲ. ಅದಕ್ಕೇ ಉಬುಂಟು ಹಾಕುವಾಗ ಒಂದು ಪಾಸ್‌ವರ್ಡ್ ಇಡಿಸಿಕೊಂಡಿತ್ತು. ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ (ನಮ್ಮ ಕೀಲಿಯನ್ನು ನಂಬುವ ಪಟ್ಟಿಗೆ ಸೇರಿಸು ಅಂತ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕಿತ್ತು. ನಾನು ಗಾಬರಿಯಲ್ಲಿ ‘ಕಂಟಿನ್ಯೂ ಬೂಟ್’ ಒತ್ತಿದ್ದೆ. "ಇದು ಜಾಸ್ತಿ ಜನಕ್ಕೆ ಆಗುತ್ತೆ" ಅಂದರು ಅವರು. ಆ ಮಾತಿಗೇ ಅರ್ಧ ಭಯ ಹೋಯಿತು.

‘ಮೋಕ್‌ಯುಟಿಲ್’ (mokutil) ಅನ್ನೋ ಆದೇಶದಿಂದ ಕೀಲಿ ಸೇರಿಸುವ ಕೋರಿಕೆಯನ್ನು ಮತ್ತೆ ಕೊಟ್ಟೆವು. ರೀಸ್ಟಾರ್ಟ್ ಮಾಡಿ, ಈ ಸಲ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿದ ಮೇಲೆ ವೈಫೈ ಪಟ್ಟಿ ಎದುರಿಗೇ ಬಂತು. ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಆಗುತ್ತಿತ್ತಂತೆ, ಆದರೆ ಸುಮ್ನೆ ರಕ್ಷಣೆ ಯಾಕೆ ತೆಗೆಯಬೇಕು, ಅಲ್ವಾ?

ಹೋಗು ಅಂತ ಹೇಳಿದವರಿಗೆಲ್ಲ ಥ್ಯಾಂಕ್ಸ್. ಈ ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದುಕೊಡಿ ಅಂತ ಗುಂಪಿನವರು ಕೇಳಿದ್ದಾರೆ. ಇವತ್ತು ಅದನ್ನೇ ಬರೆಯುತ್ತಿದ್ದೇನೆ.