ಸಹಾಯ ಬೇಕು: ಮುಂಬಯಿಯಲ್ಲಿ ತೀರಿಕೊಂಡ ಅಜ್ಜನ ಮರಣ ದಾಖಲೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಡೊಂಬಿವಲಿಯಲ್ಲಿ. ನಮ್ಮ ವಂಶವೃಕ್ಷ ಬರೆಯಲು ಕೂತಿದ್ದೇನೆ. ಅಜ್ಜ ಕುಂದಾಪುರ ಕಡೆಯಿಂದ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ದುಡಿಯುತ್ತಿದ್ದರು. 1957ರ ಮಳೆಗಾಲದಲ್ಲಿ ತೀರಿಕೊಂಡರು. ತಾರೀಕು ಯಾರಿಗೂ ನೆನಪಿಲ್ಲ. "ಅಷ್ಟಮಿ ಹತ್ತಿರ" ಅಂತ ದೊಡ್ಡತ್ತೆ ಹೇಳುತ್ತಾರೆ, ಅಷ್ಟೇ.

ನನಗೆ ಬೇಕಿರುವುದು ಸುಮ್ನೆ ಸರ್ಟಿಫಿಕೇಟ್ ಅಲ್ಲ, ಹಳೇ ರಿಜಿಸ್ಟರಿನ ಆ ಸಾಲಿನ ನಕಲು. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಬಹುದು. ಆದರೆ ಕೊಡುವ ಪ್ರತಿಯಲ್ಲಿ ಸಾವಿನ ಕಾರಣ ಇರುವಂತಿಲ್ಲ. ನನಗೆ ಬೇಕಾದದ್ದೇ ಅದು! ಮನೆಯಲ್ಲಿ ಒಬ್ಬರು ಟೈಫಾಯ್ಡ್ ಅನ್ನುತ್ತಾರೆ, ಇನ್ನೊಬ್ಬರು ಟ್ರಾಮ್ ಬಡಿಯಿತು ಅನ್ನುತ್ತಾರೆ.

ಒಂದು ಕಚೇರಿಯಲ್ಲಿ "ತಾರೀಕು ತನ್ನಿ" ಎಂದು ವಾಪಸು ಕಳಿಸಿದರು. ತಾರೀಕು ಗೊತ್ತಿದ್ದರೆ ಇಷ್ಟು ಅಲೆಯುತ್ತಿದ್ದೆನಾ?

ವರ್ಷ ಮಾತ್ರ ಹೇಳಿ ಆ ಕಾಲದ ರಿಜಿಸ್ಟರ್ ಹುಡುಕಿಸಿದವರು ಇದ್ದೀರಾ? ಸ್ಮಶಾನದ ಹಳೇ ಪುಸ್ತಕದಿಂದ ತಾರೀಕು ಹಿಡಿದವರು? ಹೆಸರನ್ನು ಬೇರೆ ಹೇಗೇಗೋ ಬರೆದಿರುತ್ತಾರೆ, ಅಲ್ವಾ? ಎಷ್ಟು ಬಗೆಯಲ್ಲಿ ಹುಡುಕಬೇಕು? ಮರಾಠಿಯಲ್ಲಿ ಅರ್ಜಿ ಬರೆದುಕೊಡುವವರು ಸಿಕ್ಕರೆ ಚಹಾ, ಬನ್ಸ್ ಎರಡೂ ನನ್ನ ಲೆಕ್ಕ.