ಲಕ್ಕಿ ತಪ್ಪಲದ (ಎಲೆಯ) ಎಣ್ಣೆ ಗಾಯ ಮಾಯಿಸುತ್ತದೆಯೇ? ಲ್ಯಾಬಿನಲ್ಲಿ ಹೇಗೆ ನೋಡುವುದು?

ಸಸ್ಯಮಿತ್ರ_ಧಾರವಾಡ (ಪ್ರಶ್ನೆ)

ಎಂ.ಎಸ್ಸಿ. ಸಸ್ಯಶಾಸ್ತ್ರದ ಕೊನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ಲಕ್ಕಿ ಗಿಡ ತೆಗೆದುಕೊಂಡಿದ್ದೇನೆ. ವಿಟೆಕ್ಸ್ ನೆಗುಂಡೊ, ಆಯುರ್ವೇದದ ನಿರ್ಗುಂಡಿ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಕಡೆ ಹಳ್ಳಿಗಳಲ್ಲಿ ಇದರ ತಪ್ಪಲ ಜಜ್ಜಿ, ರಸ ಹಿಂಡಿ, ಎಳ್ಳೆಣ್ಣೆಯಲ್ಲಿ ಕಾಸಿ, ಬೇಗ ಮಾಯದ ಗಾಯಕ್ಕೆ ಹಚ್ಚುತ್ತಾರೆ. ಇದಕ್ಕೆ ವೈಜ್ಞಾನಿಕ ಆಧಾರ ಇದೆಯೇ ಎಂದು ನೋಡುವುದು ಉದ್ದೇಶ.

ಎಲೆ ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್ ಸಾರ ತೆಗೆದಿದ್ದೇನೆ. ನೀರಿನ ಸಾರ ಬೇರೆ. ಅದನ್ನು ಕುದಿಸಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿದೆ. ಮೆಥನಾಲ್ ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಮಿ.ಲೀ.ಗೆ 100 ಮಿ.ಗ್ರಾಂ.ನಂತೆ ಕರಗಿಸಿ, ಅಗಾರ್ ತಟ್ಟೆಯ 6 ಮಿ.ಮೀ. ಗುಳಿಗಳಿಗೆ 100 ಮೈಕ್ರೋಲೀಟರ್ ಹಾಕಿದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಮೇಲೆ ಮೆಥನಾಲ್ ಸಾರಕ್ಕೆ 13 ಮಿ.ಮೀ. ವಲಯ (ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ) ಬಂತು, ಬರೀ ಡಿಎಂಎಸ್‌ಒಗೆ 9 ಮಿ.ಮೀ. ನೀರಿನ ಸಾರಕ್ಕೂ ಹಳ್ಳಿಯಿಂದ ತಂದ ಎಣ್ಣೆಗೂ ಏನೂ ಇಲ್ಲ. ಇ. ಕೋಲಿ ಮೇಲೆ ಯಾವುದಕ್ಕೂ ಇಲ್ಲ.

ಎಣ್ಣೆಗೆ ಶೂನ್ಯ ಬಂದಿದ್ದಕ್ಕೆ ಔಷಧಕ್ಕೆ ಶಕ್ತಿ ಇಲ್ಲ ಎಂದು ಬರೆಯಬಹುದೇ? ‘ಗಾಯ ಮಾಯಿಸುವ ಗುಣ’ ಅಂತ ಶೀರ್ಷಿಕೆ ಕೊಡಲು ಇನ್ನೇನು ಮಾಡಬೇಕು? ಮುಂದಿನ ಸಲ ಎಲೆ ಕಪ್ಪತಗುಡ್ಡದಿಂದ ತರಬಹುದೇ?

ತಟ್ಟೆ_ಮತ್ತು_ಸಾರ, ಹುಬ್ಬಳ್ಳಿ

ಮೊದಲು ಡಿಎಂಎಸ್‌ಒ. ಬರೀ ದ್ರಾವಕಕ್ಕೇ 9 ಮಿ.ಮೀ. ಬಂದಿದೆ ಅಂದಮೇಲೆ ಆ 13ರಲ್ಲಿ ಎಲೆಯದೆಷ್ಟು, ದ್ರಾವಕದ್ದೆಷ್ಟು ಅಂತ ಹೇಳಲು ಬರುವುದಿಲ್ಲ. 13ರಲ್ಲಿ 9 ಕಳೆದು 4 ಅಂತ ಮಾತ್ರ ಬರೆಯಬೇಡಿ, ವಲಯದ ಅಗಲ ಹಾಗೆ ಕೂಡಿ ಕಳೆಯುವ ಲೆಕ್ಕವಲ್ಲ. ಸಾರವನ್ನು ಸ್ವಲ್ಪವೇ ಡಿಎಂಎಸ್‌ಒದಲ್ಲಿ ಕರಗಿಸಿ, ಆಮೇಲೆ ಸ್ಟೆರೈಲ್ ನೀರು ಸೇರಿಸಿ, ಗುಳಿಗೆ ಹೋಗುವಾಗ ಡಿಎಂಎಸ್‌ಒ 10 ಶೇಕಡಾ ಮೀರದಂತೆ ನೋಡಿಕೊಳ್ಳಿ. ಕಂಟ್ರೋಲ್‌ಗೂ (ಹೋಲಿಕೆಗೆ ಇಡುವ, ಸಾರವಿಲ್ಲದ ಗುಳಿಗೂ) ಅಷ್ಟೇ ಶೇಕಡಾ ಹಾಕಿ. ಸಾರದಲ್ಲಿ ಮೆಥನಾಲ್ ಉಳಿದಿರುವ ಸಾಧ್ಯತೆಯೂ ಇದೆ. ರೋಟರಿ ಇವ್ಯಾಪೊರೇಟರಿನಿಂದ ಇಳಿಸಿದ ಮೇಲೆ ತೂಕ ಸ್ಥಿರವಾಗುವವರೆಗೆ ಒಣಗಿಸಬೇಕು; ತೂಗಿ, ಮತ್ತೆ ಒಣಗಿಸಿ, ಮತ್ತೆ ತೂಗಿ.

ಇನ್ನು ಪ್ರಮಾಣ. ಮಿ.ಲೀ.ಗೆ 100 ಮಿ.ಗ್ರಾಂ. ಇರುವುದನ್ನು 100 ಮೈಕ್ರೋಲೀಟರ್ ಹಾಕಿದರೆ ಒಂದು ಗುಳಿಗೆ 10 ಮಿ.ಗ್ರಾಂ. ಸಾರ ಬಿತ್ತು. ಹೋಲಿಕೆಗೆ ಇಡುವ ಜೆಂಟಾಮೈಸಿನ್ ಆಂಟಿಬಯೋಟಿಕ್ ಡಿಸ್ಕಿನಲ್ಲಿರುವುದು 10 ಮೈಕ್ರೋಗ್ರಾಂ. ಸಾವಿರ ಪಟ್ಟು ಹೆಚ್ಚು ಹಾಕಿ ಪಕ್ಕಪಕ್ಕ ಅಳೆದು ‘ಆಂಟಿಬಯೋಟಿಕ್‌ಗೆ ಸಮ’ ಎಂದು ಬರೆದ ಪ್ರಬಂಧಗಳಿಂದಲೇ ಈ ಕ್ಷೇತ್ರಕ್ಕೆ ಕೆಟ್ಟ ಹೆಸರು ಬಂದಿರುವುದು. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ, ಒಳ್ಳೆಯ ಗಿಡಗಳೂ ಆ ಗದ್ದಲದಲ್ಲಿ ಮುಚ್ಚಿಹೋಗುತ್ತವೆ.

ಎಣ್ಣೆಗೆ ವಲಯ ಬರದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಗಾರ್ ಅಂದರೆ ಬಹುಪಾಲು ನೀರು. ಎಣ್ಣೆ ಗುಳಿಯಲ್ಲೇ ಕೂತಿರುತ್ತದೆ, ಆಚೆ ಹರಿಯುವುದೇ ಇಲ್ಲ. ಹಾಗಾಗಿ ‘ವಲಯ ಬರಲಿಲ್ಲ’ ಎಂದಷ್ಟೇ ಬರೆಯಬಹುದು, ‘ಶಕ್ತಿ ಇಲ್ಲ’ ಎಂದಲ್ಲ. ಗುಳಿ ವಿಧಾನವನ್ನು ಮೊದಲ ನೋಟಕ್ಕೆ ಇಟ್ಟುಕೊಂಡು, ನಿಜವಾದ ಅಂಕಿಗೆ 96 ಗುಳಿಯ ಪ್ಲೇಟಿನಲ್ಲಿ ಎಂಐಸಿ (ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ) ಮಾಡಿ. ಮುಲ್ಲರ್-ಹಿಂಟನ್ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಸಾರವನ್ನು ಅರ್ಧರ್ಧ ಮಾಡುತ್ತಾ ಹೋಗಿ, ಬ್ಯಾಕ್ಟೀರಿಯಾ ಕೊನೆಗೆ ಮಿ.ಲೀ.ಗೆ 5 ಲಕ್ಷ ಇರಬೇಕು. 0.5 ಮ್ಯಾಕ್‌ಫರ್ಲಾಂಡ್ (ದ್ರವ ಎಷ್ಟು ಕಲಕಾಗಿದೆ ಎಂಬ ಅಳತೆ) ಮಂದತೆ ಎಂದರೆ ಮಿ.ಲೀ.ಗೆ ಸುಮಾರು 15 ಕೋಟಿ. ಅಲ್ಲಿಂದ ತೆಳು ಮಾಡಿಕೊಂಡು 15-20 ನಿಮಿಷದೊಳಗೆ ಬಳಸಿಬಿಡಿ, ತಡವಾದರೆ ಎಣಿಕೆ ಏರುತ್ತದೆ. ರಾತ್ರಿಯಿಡೀ ಇಟ್ಟಾದ ಮೇಲೆ ರೆಸಜುರಿನ್ ಎಂಬ ಬಣ್ಣ ಹಾಕಿ. ನೀಲಿ ಉಳಿದರೆ ಬೆಳವಣಿಗೆ ನಿಂತಿದೆ, ಗುಲಾಬಿಯಾದರೆ ಜೀವ ಇದೆ. ಲಕ್ಕಿ ಸಾರ ಕಡು ಹಸಿರು, ಬರಿಗಣ್ಣಿಗೆ ಮಂದತೆ ಕಾಣುವುದಿಲ್ಲ, ಬಣ್ಣ ಬೇಕೇ ಬೇಕು. ಆದರೆ ಎಲೆಯ ಪಾಲಿಫಿನಾಲ್‌ಗಳು ತಾವೇ ರೆಸಜುರಿನ್ ಬಣ್ಣ ತಿರುಗಿಸಬಲ್ಲವು. ಆದ್ದರಿಂದ ಬ್ಯಾಕ್ಟೀರಿಯಾ ಇಲ್ಲದೆ ಬರೀ ಸಾರ ಇರುವ ಸಾಲೊಂದು ಇರಲಿ, ನೀಲಿ ಗುಳಿಗಳಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗಾರ್ ಮೇಲೆ ಹಾಕಿ ಖಚಿತಪಡಿಸಿಕೊಳ್ಳಿ.

ಕಚ್ಚಾ ಸಾರಕ್ಕೆ ಎಂಐಸಿ ಮಿ.ಲೀ.ಗೆ 100 ಮೈಕ್ರೋಗ್ರಾಂ ಒಳಗೆ ಬಂದರೆ ಮುಂದುವರಿಯಲು ಗಟ್ಟಿ ಕಾರಣ ಸಿಕ್ಕಿತು. 1000 ದಾಟಿದರೆ ಹೆಮ್ಮೆ ಪಡುವಂಥದ್ದಲ್ಲ, ಹಾಗಂತ ಮುಚ್ಚಿಡಬೇಡಿ, ಬಂದ ಅಂಕಿಯನ್ನೇ ಬರೆಯಿರಿ.

ನೀರಿನ ಸಾರವನ್ನು ಆಟೋಕ್ಲೇವ್ ಮಾಡಲೇಬಾರದಿತ್ತು. 121 ಡಿಗ್ರಿಯಲ್ಲಿ ಪರಿಮಳದ ಎಣ್ಣೆ ಹಾರಿಹೋಗುತ್ತದೆ, ಸೂಕ್ಷ್ಮ ಗ್ಲೈಕೊಸೈಡ್‌ಗಳು ಒಡೆಯುತ್ತವೆ. 0.22 ಮೈಕ್ರಾನ್ ಫಿಲ್ಟರಿನಿಂದ ಸೋಸಿ. ಕಟ್ಟಿಕೊಂಡರೆ ಮೊದಲು ಸೆಂಟ್ರಿಫ್ಯೂಜ್ ಮಾಡಿ. ಇ. ಕೋಲಿಗೆ ಹೊರಪೊರೆಯ ಕಾವಲು ಇರುವುದರಿಂದ ಗಿಡದ ಸಾರಗಳು ಅದರ ಮುಂದೆ ಸೋಲುವುದು ಸಾಮಾನ್ಯ. ವಿಷಯ ಗಾಯವಾದ್ದರಿಂದ ಗಾಯಕ್ಕೆ ಸೋಂಕು ತರುವ ಸ್ಯೂಡೊಮೊನಾಸ್ ಏರುಗಿನೋಸಾ ಬ್ಯಾಕ್ಟೀರಿಯಾ ಕೂಡ ಸೇರಿಸಿ. ಕೊನೆಯದಾಗಿ, ಒಂದೇ ಸಾರದಿಂದ ಮೂರು ತಟ್ಟೆ ಮಾಡಿದರೆ ಅದು ಒಂದೇ ಪ್ರಯೋಗ. ಬೇರೆ ಬೇರೆ ಗಿಡಗಳಿಂದ ಬೇರೆ ಬೇರೆಯಾಗಿ ತೆಗೆದ ಮೂರು ಸಾರ ಬೇಕು.

ಗಿಡಮೂಲಿಕಿ_ಗದಗ

ಎಣ್ಣಿ ಬಗ್ಗೆ ನಾ ಹೇಳ್ತೀನ್ರಿ. ಮೆಥನಾಲ್ ಸಾರಾನ ಹಳ್ಳ್ಯಾಗ ಯಾರೂ ಗಾಯಕ್ಕ ಹಚ್ಚಂಗಿಲ್ಲ. ಜನ ಹಚ್ಚೋದು ಹಸಿ ತಪ್ಪಲದ ರಸ ಕುದಿಸಿದ ಎಣ್ಣಿ. ಅದನ್ನ ಬಿಟ್ಟು ಬ್ಯಾರೆದ್ದು ಪರೀಕ್ಷೆ ಮಾಡಿ, ಹಳ್ಳಿ ಔಷಧಕ್ಕ ಆಧಾರ ಇಲ್ಲ ಅಂದ್ರೂ ತಪ್ಪು, ಐತಿ ಅಂದ್ರೂ ತಪ್ಪು. ಮತ್ತ ಯಾರೋ ಕಾಸಿಟ್ಟ ಎಣ್ಣಿ ತಂದ್ರ ಅದರಾಗ ರಸ ಎಷ್ಟು, ಎಷ್ಟು ದಿನದ್ದು ಅಂತ ಏನ್ ಬರಿತೀರಿ? ನೀವ ಕಾಸ್ರಿ.

ಹಸಿ ರಸದಿಂದ ಕಾಸೂ ಎಣ್ಣಿಗೆ ಶಾಸ್ತ್ರದ ಲೆಕ್ಕ ಹಿಂಗದ: ಎಣ್ಣಿ ಒಂದು ಪಾಲು, ರಸ ನಾಕು ಪಾಲು, ಅರೆದ ತಪ್ಪಲದ ಕಲ್ಕ ಎಣ್ಣಿಯ ಎಂಟನೇ ಒಂದು ಪಾಲು. ಅಂದ್ರ 200 ಗ್ರಾಂ ಎಳ್ಳೆಣ್ಣಿಗೆ 800 ಗ್ರಾಂ ರಸ, 25 ಗ್ರಾಂ ಕಲ್ಕ. ದಪ್ಪ ತಳದ ಸ್ಟೀಲ್ ಪಾತ್ರಿ, ಸಣ್ಣ ಉರಿ. ಮೊದಲು ನೊರಿ ಉಕ್ಕತದ, ಪಾತ್ರಿ ಅರ್ಧಕ್ಕಿಂತ ಜಾಸ್ತಿ ತುಂಬಬ್ಯಾಡ್ರಿ. ಕಲ್ಕ ತಳಕ್ಕ ಕೂಡತದ, ಕಡೀಕ ಕೈ ಬಿಡದ ತಿರುವಬೇಕು. ಇಳಸೂ ಹೊತ್ತು ಬಂತೋ ಇಲ್ಲೋ ನೋಡಾಕ ಚೂರು ಕಲ್ಕ ತಗದು, ಆರಿಸಿ, ಎರಡು ಬಟ್ಟಿನ ನಡಕ ಹೊಸೀರಿ. ಕೈಗೆ ಅಂಟದ ಬತ್ತಿ ಹಂಗ ಆದ್ರ ಬಂದದ. ಅದನ್ನ ಉರಿಗೆ ಹಿಡದ್ರ ಚಟಚಟ ಸಪ್ಪಳ ಬರಬಾರದು. ಬಂತಂದ್ರ ಒಳಗ ನೀರೈತಿ, ಆ ಎಣ್ಣಿ ಬೂಷ್ಟು ಹಿಡೀತದ, ಲಗೂನ ಕಮಟು ಆಕ್ಕೇತಿ. ಕಲ್ಕ ಕರಕಾಗಿ ಪುಡಿಪುಡಿ ಆತಂದ್ರ ಹೊತ್ತು ಮೀರಿತು, ಅದನ್ನ ಪರೀಕ್ಷೆಗೆ ಇಡಬ್ಯಾಡ್ರಿ. ಬಿಸಿ ಇದ್ದಾಗನ ತೆಳು ಅರಿವಿಲೆ ಸೋಸಿ, ಕಂದು ಬಾಟಲಿಗೆ ಬಾಯಿತನಕ ತುಂಬಿಡ್ರಿ.

ಜೋಡೀಲೆ ಇನ್ನೊಂದು ಪಾತ್ರಿ ಇಡ್ರಿ: ಅಷ್ಟ ಎಳ್ಳೆಣ್ಣಿ, ರಸದ ಬದಲಿ ಅಷ್ಟ ನೀರು, ಅಷ್ಟ ಹೊತ್ತು. ಇದ ನಿಮ್ಮ ಕಂಟ್ರೋಲ್. ಇಲ್ಲಂದ್ರ ಲಕ್ಕಿದೇನು, ಕಾದ ಎಳ್ಳೆಣ್ಣಿದೇನು ಅಂತ ತಿಳ್ಯಂಗಿಲ್ಲ. ಎರಡಕ್ಕೂ ಪೆರಾಕ್ಸೈಡ್ ಮೌಲ್ಯ (ಎಣ್ಣಿ ಎಷ್ಟು ಕೆಟ್ಟೈತಿ ಅನ್ನೋ ಅಳತಿ) ತಗೀರಿ, ಕಾಸಿ ಕೆಟ್ಟ ಎಣ್ಣಿ ತಾನ ಜೀವಕೋಶ ಕೊಲ್ಲತದ.

ತಪ್ಪಲ ಎಲ್ಲಿಂದ ತರಬೇಕು ಅನ್ನೋದು ಭಾಳ ಮುಖ್ಯ. ಹಾವೇರಿ, ಸವಣೂರು, ಬ್ಯಾಡಗಿ ಕಡೆ ಹತ್ತಿ, ಮೆಣಸಿನಕಾಯಿ ಹೊಲದ ಬದುವಿನಾಗ ಲಕ್ಕಿ ಇದ್ರ ಮುಟ್ಟಬ್ಯಾಡ್ರಿ. ಆ ಬೆಳಿಗಳಿಗೆ ಸ್ಟ್ರೆಪ್ಟೋಸೈಕ್ಲಿನ್ ಹೊಡದಿರಬಹುದು, ಅದು ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಕೂಡಿದ ಆಂಟಿಬಯೋಟಿಕ್. ಗಾಳಿಗೆ ಬದುವಿನ ಗಿಡದ ಮ್ಯಾಲೆ ಬಿದ್ದಿದ್ದು ನಿಮ್ಮ ತಟ್ಟೀಲಿ ಚಂದ ವಲಯ ಬಿಡಸತದ, ನೀವು ಲಕ್ಕಿ ಗುಣ ಅಂತ ಬರಿತೀರಿ. ತಾಮ್ರದ ಶಿಲೀಂಧ್ರನಾಶಕನೂ ಹಂಗ. ಹೆದ್ದಾರಿ ಬಾಜೂದ್ದೂ ಬ್ಯಾಡ. ಒಣ ಗಿಡಮೂಲಿಕಿಗೆ ಸೀಸದ ಮಿತಿ ಕೆ.ಜಿ.ಗೆ 10 ಮಿ.ಗ್ರಾಂ., ಪಾದರಸದ್ದು 1, ಕ್ಯಾಡ್ಮಿಯಂದ್ದು 0.3.

ಕಪ್ಪತಗುಡ್ಡ 2019ರಾಗ ವನ್ಯಜೀವಿಧಾಮ ಆಗೇತಿ, ಅರಣ್ಯ ಇಲಾಖೆ ಲಿಖಿತ ಅನುಮತಿ ಇಲ್ಲದ ಒಂದು ಎಲಿ ಸೈತ ತರಂಗಿಲ್ಲ. ಲಕ್ಕಿಗೆ ಗುಡ್ಡನ ಯಾಕ ಬೇಕು? ಹಳ್ಳದ ದಂಡ್ಯಾಗ, ಊರ ಬೇಲ್ಯಾಗ ಬೇಕಾದಷ್ಟು ಸಿಗತದ. ಮಾಲಕರನ್ನ ಕೇಳಿ ತಗೀರಿ.

ಒಂದು ಕೈಯಾಗ ಐದು ಎಲಿ, ನಡುವಿನದು ಉದ್ದ, ಕೆಳಗ ಬೂದಿ ಬಣ್ಣ, ನೀಲಿ-ನೇರಳೆ ಹೂ ಇದ್ರ ವಿಟೆಕ್ಸ್ ನೆಗುಂಡೊ. ಆದ್ರ ಮೂರ ಎಲಿದೂ ಕಾಣತಾವು, ಆಗ ವಿಟೆಕ್ಸ್ ಟ್ರೈಫೋಲಿಯಾ ಜೋಡಿ ಗೊಂದಲ ಆಗತದ. ಅದಕ್ಕ ಹೂ ಇರೋ ಟೊಂಗಿ ಒತ್ತಿ ಒಣಗಿಸಿ, ಊರು, ತಾರೀಖು, ಹೂವಿನ ಬಣ್ಣ, ಜನ ಕರಿಯೂ ಹೆಸರು ಬರದು, ವಿಭಾಗದ ಹರ್ಬೇರಿಯಂನಾಗ (ಒಣ ಗಿಡದ ಸಂಗ್ರಹ) ನಂಬರ್ ಹಚ್ಚಿಸ್ರಿ. ಆ ನಂಬರ್ ಇಲ್ಲದ ಪ್ರಬಂಧಕ್ಕ ಬೆಲಿ ಇಲ್ಲ.

ಕೋಶವಿಜ್ಞಾನ_ವಿದ್ಯಾನಗರ

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಶೀರ್ಷಿಕೆಯ ಬಗ್ಗೆ ನನ್ನ ಮಾತು. ಬ್ಯಾಕ್ಟೀರಿಯಾ ಸತ್ತರೆ ಗಾಯ ಮಾಯಿತು ಎಂದಾಗುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಜೊತೆಗೆ ಹೊಸ ಚರ್ಮ ಕಟ್ಟುವ ಫೈಬ್ರೋಬ್ಲಾಸ್ಟ್ ಕೋಶಗಳನ್ನೂ ಕೊಲ್ಲುತ್ತದೆ. ಗಾಯದಲ್ಲಿ ಮೊದಲು ರಕ್ತ ಹೆಪ್ಪುಗಟ್ಟಬೇಕು, ಆಮೇಲೆ ಉರಿಯೂತ, ಆಮೇಲೆ ಹೊಸ ಅಂಗಾಂಶ, ಕೊನೆಗೆ ಕೊಲಾಜನ್ ಗಟ್ಟಿಯಾಗುವುದು. ನಿಮ್ಮ ಎಣ್ಣೆ ಇವುಗಳಲ್ಲಿ ಯಾವುದಕ್ಕೆ ನೆರವಾಗುತ್ತದೆ ಎಂಬುದೇ ಪ್ರಶ್ನೆ. ಡಿಪಿಪಿಎಚ್ ಪರೀಕ್ಷೆ ಒಂದೇ ಮಾಡಿ ‘ಉತ್ಕರ್ಷಣ ನಿರೋಧಕ, ಆದ್ದರಿಂದ ಗಾಯ ಮಾಯಿಸುತ್ತದೆ’ ಎನ್ನುವವರಿದ್ದಾರೆ. ಆ ‘ಆದ್ದರಿಂದ’ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ ಗೀರು ಪರೀಕ್ಷೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಎಲ್929 ಅಥವಾ 3ಟಿ3 ಫೈಬ್ರೋಬ್ಲಾಸ್ಟ್ ಕೋಶ ತರಿಸಬಹುದು. ತಟ್ಟೆಯ ತುಂಬ ಬೆಳೆದ ಪದರಕ್ಕೆ 200 ಮೈಕ್ರೋಲೀಟರ್ ಪಿಪೆಟ್ ತುದಿಯಿಂದ ನೇರ ಗೆರೆ ಎಳೆದು, ಕಿತ್ತ ಕೋಶಗಳನ್ನು ಬಫರ್‌ನಲ್ಲಿ ತೊಳೆದು, 0, 12, 24 ಗಂಟೆಗೆ ಅದೇ ಜಾಗದ ಚಿತ್ರ ತೆಗೆದು ಖಾಲಿ ಜಾಗ ಅಳೆಯಿರಿ. ಕೋಶ ಬೆಳೆಸುವ ದ್ರವದಲ್ಲಿನ ಸೀರಂ 1 ಶೇಕಡಾಕ್ಕೆ ಇಳಿಸಿ. 10 ಶೇಕಡಾ ಇದ್ದರೆ ಕೋಶಗಳು ಸರಿದು ಬಂದು ಗೆರೆ ಮುಚ್ಚಿದವೋ, ಬರೀ ಹೆಚ್ಚಿಕೊಂಡು ಮುಚ್ಚಿದವೋ ತಿಳಿಯದು. ಇದಕ್ಕೂ ಮುಂಚೆ ಯಾವ ಪ್ರಮಾಣ ಕೋಶಕ್ಕೆ ವಿಷವಲ್ಲ ಎಂದು ಎಂಟಿಟಿ ಪರೀಕ್ಷೆಯಲ್ಲಿ (ಬದುಕಿರುವ ಕೋಶಗಳನ್ನು ನೇರಳೆ ಬಣ್ಣದಿಂದ ಅಳೆಯುವುದು) ನೋಡಬೇಕು. ಅಲ್ಲೂ ಒಂದು ಗುಂಡಿ ಇದೆ: ಪಾಲಿಫಿನಾಲ್‌ಗಳು ಕೋಶವೇ ಇಲ್ಲದಿದ್ದರೂ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಕೋಶವಿಲ್ಲದ ಗುಳಿಗಳಿಗೂ ಸಾರ ಹಾಕಿ ಅಳೆದು ಕಳೆಯಿರಿ. ಇಲ್ಲಿ ಕಳೆಯುವುದು ಸರಿಯಾದ ಲೆಕ್ಕವೇ.

ಎಣ್ಣೆಯನ್ನು ಕೋಶಕ್ಕೆ ನೇರ ಹಾಕಲಾಗದು. ಟ್ವೀನ್ 80ರಲ್ಲಿ (ಎಣ್ಣೆ, ನೀರು ಕೂಡಿಸುವ ವಸ್ತು) ಬೆರೆಸಿ, ಕಂಟ್ರೋಲ್ ಎಣ್ಣೆಯನ್ನೂ ಹಾಗೇ ಬೆರೆಸಿ. ರಸಾಯನದ ಕಡೆಯಿಂದ ನೋಡಿದರೆ, ಲಕ್ಕಿಯ ನೆಗುಂಡೊಸೈಡ್, ಆಗ್ನುಸೈಡ್ ನೀರಿಗೆ ಒಲಿಯುವ ಗ್ಲೈಕೊಸೈಡ್‌ಗಳು. ಕ್ಯಾರಿಯೊಫಿಲೀನ್ ಎಣ್ಣೆಗೆ ಒಲಿಯುವಂಥದ್ದು. ಹಸಿ ರಸದಲ್ಲಿರುವುದು ಮತ್ತು ಕಾಸಿದ ಎಣ್ಣೆಯಲ್ಲಿ ಉಳಿಯುವುದು ಒಂದೇ ಆಗಿರಲಾರದು. ರಸ, ಎಣ್ಣೆ, ಮೆಥನಾಲ್ ಸಾರ ಮೂರನ್ನೂ ಒಂದೇ ಟಿಎಲ್‌ಸಿ ಹಾಳೆಯಲ್ಲಿ (ಘಟಕಗಳನ್ನು ಪಟ್ಟಿಗಳಾಗಿ ಬಿಡಿಸುವ ತೆಳುಪದರ) ಓಡಿಸಿ ನೋಡಿ. ಎಣ್ಣೆಯನ್ನು ನೇರ ಇಟ್ಟರೆ ಕೊಬ್ಬು ಎಳೆದುಕೊಂಡು ಪಟ್ಟಿಗಳು ಹರಡುತ್ತವೆ, ಮೊದಲು ಹೆಕ್ಸೇನ್‌ನಲ್ಲಿ ತೆಳು ಮಾಡಿ ಮೆಥನಾಲ್‌ಗೆ ಇಳಿಸಿಕೊಳ್ಳಿ.

ತಯಾರಿಕೆಯ ವಿಧಾನ ಎಷ್ಟು ಮುಖ್ಯ ಎನ್ನಲು ಮಲೇರಿಯಾ ಔಷಧ ಆರ್ಟೆಮಿಸಿನಿನ್ ಸಾಕು. ಗಿಡವನ್ನು ಕುದಿಸಿದಾಗ ಗುಣ ನಿಲ್ಲುತ್ತಿರಲಿಲ್ಲ. ನೀರಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂಬ ಹಳೆಯ ಚೀನೀ ಸೂಚನೆ ಓದಿದ ಚೀನಾದ ವಿಜ್ಞಾನಿ ತು ಯೂಯೂ, ಕಡಿಮೆ ಶಾಖದಲ್ಲಿ ಈಥರ್ ಬಳಸಿ 1971ರಲ್ಲಿ ಯಶಸ್ಸು ಕಂಡರು. 2015ರಲ್ಲಿ ನೊಬೆಲ್ ಬಂತು. ಹಳ್ಳಿಯವರು ‘ಹಸಿದೇ ಬೇಕು’, ‘ಎಣ್ಣೆಯಲ್ಲೇ ಕಾಸಬೇಕು’ ಎಂದರೆ ಅದನ್ನು ಹಾಗೇ ಬರೆದುಕೊಳ್ಳಿ. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನು ಭಾರತದ ಸಿಎಸ್‌ಐಆರ್ (ವೈಜ್ಞಾನಿಕ ಸಂಶೋಧನಾ ಮಂಡಳಿ) 1997ರಲ್ಲಿ ರದ್ದು ಮಾಡಿಸಿದ್ದು ಇಂಥ ಬರಹದ ದಾಖಲೆಗಳ ಬಲದಿಂದಲೇ.

ಪ್ರಾಣಿ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಿಗೆ ಬೇಕು, ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸವಲ್ಲ. ಮನುಷ್ಯರ ಮೇಲೆ ‘ಸುಮ್ಮನೆ ಹಚ್ಚಿ ನೋಡೋಣ’ ಅಂತೂ ಬೇಡವೇ ಬೇಡ. ಹಸಿ ರಸದಲ್ಲಿ ಮಣ್ಣಿನ ಧನುರ್ವಾಯು ಬೀಜಕಣ ಇರಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದನ್ನು ಹಚ್ಚಿ ದಿನ ಕಳೆಯುವುದು ಕಾಲಿಗೇ ಅಪಾಯ. ಹಳ್ಳಿಗೆ ಮಾಹಿತಿ ಕೇಳಲು ಹೋದಾಗ ಇದನ್ನು ಹೇಳಿ ಬನ್ನಿ.

ಸಸ್ಯಮಿತ್ರ_ಧಾರವಾಡ

ತುಂಬಾ ಉಪಕಾರವಾಯಿತು. ಎರಡು ಸಂದೇಹ. ನಮ್ಮಲ್ಲಿ ಕೋಶ ಬೆಳೆಸುವ ಸೌಲಭ್ಯವಿಲ್ಲ. ಎಂಐಸಿ, ಟಿಎಲ್‌ಸಿ ಮಟ್ಟಿಗೆ ನಿಂತರೆ ಶೀರ್ಷಿಕೆ ಏನಿಡಲಿ? ಮತ್ತೆ ಲಕ್ಕಿ ಎಲೆ ಜಜ್ಜಿದರೆ ರಸವೇ ಬರುವುದಿಲ್ಲ, ಬರೀ ಹಸಿ ಉಂಡೆ ಆಗುತ್ತದೆ. 800 ಗ್ರಾಂ ರಸ ಹೇಗೆ ತೆಗೆಯಲಿ?

ಕೋಶವಿಜ್ಞಾನ_ವಿದ್ಯಾನಗರ

‘ಗದಗ ಜಿಲ್ಲೆಯಲ್ಲಿ ಗಾಯಕ್ಕೆ ಬಳಸುವ ಲಕ್ಕಿ ಎಣ್ಣೆಯ ತಯಾರಿಕೆ ಮತ್ತು ಬ್ಯಾಕ್ಟೀರಿಯಾ ನಿರೋಧಕ ಗುಣ’ ಎಂದಿಡಿ. ಮಾಡಿದಷ್ಟನ್ನೇ ಹೇಳುತ್ತದೆ.

ಗಿಡಮೂಲಿಕಿ_ಗದಗ

ಲಕ್ಕಿ ಎಲಿ ಒಣ ಸ್ವಭಾವದ್ದು, ಬರೇ ಜಜ್ಜಿದ್ರ ರಸ ಬಿಡಂಗಿಲ್ಲ. ಎಳೆ ತುದಿ ಎಲಿ ಮುಂಜಾನೆ ಹರೀರಿ, ತೊಳದು ನೀರು ಆರಿಸ್ರಿ. ಎಲಿಯ ಅರ್ಧ ತೂಕದಷ್ಟು ನೀರು ಚಿಮುಕಿಸಿ ಒರಳಾಗ ಇಲ್ಲಾ ಮಿಕ್ಸರ್‌ನಾಗ ರುಬ್ಬಿ, ಗಟ್ಟಿ ಅರಿವ್ಯಾಗ ಕಟ್ಟಿ ಹಿಂಡ್ರಿ. ಮಿಕ್ಸರ್ ಬಿಸಿ ಆಗಬಾರದು, ನಡುನಡುಕ ನಿಲ್ಲಸ್ರಿ. ಎಷ್ಟು ಎಲಿಗೆ ಎಷ್ಟು ನೀರು, ಎಷ್ಟು ರಸ ಬಂತು ಅಂತ ತೂಗಿ ಬರೀರಿ. ನೀರು ಹಾಕೇವಿ ಅನ್ನೋದನ್ನ ಮುಚ್ಚಿಡಬ್ಯಾಡ್ರಿ. ರಸ ಇಟ್ಟಷ್ಟೂ ಕಂದಾಗಿ ಹುಳಿ ಬರತದ, ಹಿಂಡಿದ ದಿನಾನ ಕಾಸಿಬಿಡ್ರಿ. ಮೂರು ಸಲದ ಎಣ್ಣಿಗೂ ಒಂದ ಕ್ಯಾನಿನ ಎಳ್ಳೆಣ್ಣಿ ಇರಲಿ, ಬ್ಯಾರೆ ಬ್ಯಾರೆ ಗಾಣದ್ದು ಕೂಡಸಬ್ಯಾಡ್ರಿ.